ಶಿಬಿರಕ್ಕೆ ಬಾರದ ಹಿರಿಯರನ್ನು ತಲುಪುವುದು: ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

ಗ್ರಾಮದಲ್ಲಿ ಆರೋಗ್ಯ ತಪಾಸಣಾ ಶಿಬಿರ ನಡೆದಾಗ ಹಾಜರಾದವರ ಸಂಖ್ಯೆ ವರದಿಯಲ್ಲಿ ದಾಖಲಾಗುತ್ತದೆ. ಆದರೆ ಹಾಸಿಗೆ ಹಿಡಿದವರು, ದೃಷ್ಟಿ ಮಂದವಾದವರು, ಮಕ್ಕಳು ದುಡಿಮೆಗಾಗಿ ಹೈದರಾಬಾದ್, ಮುಂಬಯಿ ಸೇರಿದ್ದರಿಂದ ಊರಲ್ಲಿ ಒಂಟಿಯಾಗಿ ಉಳಿದವರು ಆ ಲೆಕ್ಕಕ್ಕೆ ಬರುವುದಿಲ್ಲ. ಸೇವೆ ಮೊದಲು ತಲುಪಬೇಕಾದುದು ಇವರಿಗೇ. ವಾರ್ಡಿನ ಮನೆಮನೆಯನ್ನೂ ಬಲ್ಲ ಸದಸ್ಯರು ಇವರನ್ನು ಗುರುತಿಸಬಲ್ಲರು.

ದೂರವೂ ಒಂದು ಅಡ್ಡಿ. ಬೀದರ್ ನಗರದ ಚಿದ್ರಿ ಭಾಗದ ಹಿರಿಯರಿಗೆ ಬ್ರಿಮ್ಸ್ ಬೋಧಕ ಆಸ್ಪತ್ರೆ ಅದೇ ನಗರದಲ್ಲಿದೆ. ಭಾಲ್ಕಿ, ಔರಾದ್ ಪಟ್ಟಣಗಳಾದರೋ ಬೀದರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿವೆ, ಆ ತಾಲ್ಲೂಕುಗಳ ಗಡಿ ಗ್ರಾಮಗಳು ಇನ್ನೂ ದೂರ.

ಅಧಿಕ ರಕ್ತದೊತ್ತಡವಿರುವ ಬಹುತೇಕರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಆರಾಮವಾಗಿದ್ದೇನೆಂದು ಭಾವಿಸಿ ಅಥವಾ ತರುವವರಿಲ್ಲದೆ ಗುಳಿಗೆ ನಿಲ್ಲಿಸಿದರೆ ಪಾರ್ಶ್ವವಾಯು, ಹೃದಯಾಘಾತದ ಅಪಾಯ ಹೆಚ್ಚುತ್ತದೆ. ಆದ್ದರಿಂದ ಒಮ್ಮೆ ತಪಾಸಣೆ ಮಾಡಿದರೆ ಸಾಲದು; ಔಷಧಿ ತಪ್ಪದಂತೆ ನೋಡಿಕೊಳ್ಳುವುದೂ ಅಷ್ಟೇ ಅವಶ್ಯ.

ಇದಕ್ಕೆ ವ್ಯವಸ್ಥೆ ಈಗಾಗಲೇ ಇದೆ. 2010-11ರಲ್ಲಿ ಆರಂಭವಾದ ರಾಷ್ಟ್ರೀಯ ಹಿರಿಯರ ಆರೋಗ್ಯ ಆರೈಕೆ ಕಾರ್ಯಕ್ರಮದ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಚಿಕಿತ್ಸಾಲಯ ನಡೆಯಬೇಕು. ಉಪಕೇಂದ್ರದ ಸಿಬ್ಬಂದಿ ಮನೆ ಭೇಟಿ ನೀಡಬೇಕು. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭಗೊಂಡ ರಾಜ್ಯದ ಗೃಹ ಆರೋಗ್ಯ ಯೋಜನೆಯು 30 ವರ್ಷ ಮೇಲ್ಪಟ್ಟವರ ತಪಾಸಣೆಯನ್ನು ಮನೆ ಬಾಗಿಲಿಗೇ ಒಯ್ಯುತ್ತದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು:

1. ಮತದಾರರ ಪಟ್ಟಿಯಿಂದ 60 ವರ್ಷ ಮೇಲ್ಪಟ್ಟವರ ಹೆಸರುಗಳನ್ನು ಆಯ್ದು, ಆಶಾ ಕಾರ್ಯಕರ್ತೆಯೊಂದಿಗೆ ಕುಳಿತು ಒಂಟಿಯಾಗಿರುವವರು, ನಡೆಯಲಾಗದವರು, ಮರೆವಿನಿಂದ ಬಳಲುವವರು, ಗುಳಿಗೆ ನಿಲ್ಲಿಸಿದವರನ್ನು ಗುರುತು ಹಾಕುವುದು. ಪಟ್ಟಿಯನ್ನು ಸಮುದಾಯ ಆರೋಗ್ಯ ಅಧಿಕಾರಿಗೆ ನೀಡುವುದು. ಯಾರ ಕಾಯಿಲೆಯನ್ನೂ ಸಭೆಯಲ್ಲಿ ಬಹಿರಂಗಪಡಿಸಬಾರದು.

2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವಾರ್ಷಿಕ 10,000 ರೂ.ವರೆಗೆ ದೊರೆಯುವ ಮುಕ್ತ ನಿಧಿಯಿಂದ, ಬಡ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ವೆಚ್ಚದ ಕುರಿತು ಸಮಿತಿಯಲ್ಲಿ ತೀರ್ಮಾನಿಸುವುದು.

3. ಸಾರ್ವಜನಿಕ ಆರೋಗ್ಯವು ಪಂಚಾಯಿತಿಯ ಸೌಕರ್ಯ ಸಮಿತಿಯ ಕಾರ್ಯವ್ಯಾಪ್ತಿಗೆ ಸೇರಿದೆ. ಹಿರಿಯರ ಮನೆ ಭೇಟಿಯ ಪ್ರಗತಿಯನ್ನು ಆ ಸಮಿತಿಯ ಕಾರ್ಯಸೂಚಿಯಲ್ಲಿ ಸೇರಿಸುವುದು.

4. ವೃದ್ಧಾಪ್ಯದಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡುವುದು ಕಷ್ಟ. ಕೆಟ್ಟ ಬೀದಿದೀಪ, ಹಾಸುಗಲ್ಲಿಲ್ಲದ ಚರಂಡಿ, ಜಾರುವ ನಲ್ಲಿಕಟ್ಟೆಗಳ ದುರಸ್ತಿಗೆ ಆದ್ಯತೆ ನೀಡುವುದು.

5. ಗುಳಿಗೆ ಸೇವಿಸುವ ಕ್ರಮವನ್ನು ಮನೆಯಲ್ಲಿ ಆಡುವ ಭಾಷೆಯಲ್ಲಿಯೇ, ಕನ್ನಡ, ಮರಾಠಿ, ಉರ್ದು ಅಥವಾ ತೆಲುಗಿನಲ್ಲಿ, ತಿಳಿಸುವಂತೆ ಕೋರುವುದು.

6. ನಿರ್ಲಕ್ಷ್ಯ ಅಥವಾ ದೌರ್ಜನ್ಯಕ್ಕೊಳಗಾದ ಹಿರಿಯರಿಗೆ 14567 ಸಹಾಯವಾಣಿಯ ಮಾಹಿತಿ ನೀಡುವುದು.

ಆರು ತಿಂಗಳಿಗೊಮ್ಮೆ ಸೇರುವ ವಾರ್ಡ್ ಸಭೆಯಲ್ಲಿ ಶಿಬಿರಕ್ಕೆ ಬಂದವರ ಸಂಖ್ಯೆಯ ಜೊತೆಗೆ, ಪಟ್ಟಿಯಲ್ಲಿದ್ದ ಎಷ್ಟು ಹಿರಿಯರ ಮನೆಗೆ ಸಿಬ್ಬಂದಿ ಹೋಗಿ ಬಂದರು, ಎಷ್ಟು ಜನರಿಗೆ ಔಷಧಿ ನಿರಂತರವಾಗಿ ದೊರೆಯುತ್ತಿದೆ ಎಂಬುದನ್ನೂ ಪರಿಶೀಲಿಸಬೇಕು. ಯಾವ ಮನೆ ಬಿಟ್ಟುಹೋಗಿದೆ ಎಂಬುದು ಆಗ ತಿಳಿಯುತ್ತದೆ. ಮುಂದಿನ ಭೇಟಿ ಆ ಮನೆಯಿಂದಲೇ ಆರಂಭವಾಗಬೇಕು.