ಪರಿಣತರಿಲ್ಲದೆ ಪರೀಕ್ಷೆ

ಪ್ರಶ್ನೆ: ನಮ್ಮ ಪುಟ್ಟ ಸೀರೆ ಅಂಗಡಿಯ ವೆಬ್‌ಸೈಟ್ ಗ್ರಾಹಕರಿಗೆ ಸಲೀಸಾಗಿದೆಯೇ ಎಂದು ನಾವೇ ಪರೀಕ್ಷಿಸಬಹುದೇ? ಎಷ್ಟು ಜನ ಬೇಕು?

ಉತ್ತರ: ಧಾರಾಳವಾಗಿ ಪರೀಕ್ಷಿಸಬಹುದು. ಬಳಕೆ-ಸುಲಭತೆಯ ಸಂಶೋಧಕರಾದ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಒಬ್ಬ ಬಳಕೆದಾರ ಸರಾಸರಿ ಶೇ. 31ರಷ್ಟು ತೊಡಕುಗಳನ್ನು ಬಯಲಿಗೆಳೆಯುತ್ತಾನೆ. ಐವರು ಸೇರಿದರೆ ಸುಮಾರು ಶೇ. 85. ದೊಡ್ಡ ಜಾಲತಾಣಗಳಿಗೆ ಐವರು ಸಾಲರು ಎಂಬ ತಕರಾರೂ ಇದೆ, ನಿಮಗದು ಅನ್ವಯಿಸದು. ಇದೇ ಕ್ಷೇತ್ರದ ತಜ್ಞ ಸ್ಟೀವ್ ಕ್ರಗ್ ಇನ್ನೂ ಕಡಿಮೆಗೆ ಇಳಿಯುತ್ತಾರೆ: ತಿಂಗಳಿಗೊಂದು ಬೆಳಗ್ಗೆ, ಮೂವರೇ ಸಾಕು.

ಕಷ್ಟವಿರುವುದು ಜನ ಹುಡುಕುವುದರಲ್ಲಲ್ಲ, ಬಾಯಿ ಬಿಗಿಹಿಡಿಯುವುದರಲ್ಲಿ. 'ಆರ್ಡರ್ ರದ್ದು ಮಾಡಿ' ಎಂದು ಕೆಲಸ ಕೊಟ್ಟರೆ ಪರೀಕ್ಷೆಗೆ ಬಂದವರು 'ರದ್ದು' ಎಂಬ ಗುಂಡಿಯನ್ನು ಹುಡುಕಿ ಒತ್ತುತ್ತಾರೆ, ಅಷ್ಟೇ. 'ನಿನ್ನೆ ತರಿಸಿದ ಸೀರೆ ಈಗ ಬೇಡವೆನಿಸಿದೆ, ಏನು ಮಾಡುತ್ತೀರಿ?' ಎನ್ನಿ. ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳುತ್ತಿರಲಿ. 'ಇದನ್ನ ಒತ್ತಲಾ?' ಎಂದು ನಿಮ್ಮ ಮುಖ ನೋಡಿದಾಗ, 'ನಾನಿಲ್ಲದಿದ್ದರೆ ಏನು ಮಾಡ್ತಿದ್ರಿ?' ಎಂದು ಕೇಳಿ ಸುಮ್ಮನಾಗಿ. ಕೈ ತೋರಿಸಿದಿರೋ, ಪರೀಕ್ಷೆ ಕೆಟ್ಟಿತು.

ಕೊನೆಗೆ 'ಹೇಗಿತ್ತು?' ಎಂದು ಕೇಳಿ ಹಿಗ್ಗಬೇಡಿ. ನಮ್ಮವರಿಗೆ ದಾಕ್ಷಿಣ್ಯ ಜಾಸ್ತಿ. ಹತ್ತು ನಿಮಿಷ ಒದ್ದಾಡಿದವರೂ 'ಚೆನ್ನಾಗಿದೆ ಸಾರ್' ಅಂದುಬಿಡುತ್ತಾರೆ. ಬೆರಳು ಎಲ್ಲಿ ತಡವರಿಸಿತು ಎಂಬುದನ್ನಷ್ಟೇ ಬರೆದುಕೊಳ್ಳಿ. ಫೋನಿನ ಸ್ಕ್ರೀನ್ ರೆಕಾರ್ಡಿಂಗ್ ಇದ್ದರೆ ಇನ್ನೂ ಒಳ್ಳೆಯದು, ಅವರ ಒಪ್ಪಿಗೆ ಪಡೆದು. ಮನೆಯವರನ್ನೂ ವೆಬ್‌ಸೈಟ್ ಕಟ್ಟಿದವರನ್ನೂ ಕೂರಿಸಬೇಡಿ. ಅವರಿಗೆ ದಾರಿ ಗೊತ್ತು. ಸಿಕ್ಕ ದೋಷಗಳಲ್ಲಿ ಖರೀದಿಯನ್ನೇ ತಡೆಯುವಂಥದ್ದನ್ನು ಮೊದಲು ಸರಿಪಡಿಸಿ, ಮುಂದಿನ ತಿಂಗಳು ಬೇರೆ ಮೂವರನ್ನು ಕರೆಯಿರಿ.