ಗರ್ಭಿಣಿಯರೇ, ಉರಿಮೂತ್ರವನ್ನು ಮುಚ್ಚಿಡಬೇಡಿ

ಹಾನಗಲ್ಲಿನಿಂದ ಹಾವೇರಿಗೆ ಬಸ್ಸಿನಲ್ಲಿ ಹೊರಟ ಗರ್ಭಿಣಿಯೊಬ್ಬಳನ್ನು ನೆನೆಯಿರಿ. ಮನೆ ಬಿಡುವ ಮೊದಲೇ ಆಕೆ ನೀರು ಕುಡಿಯುವುದನ್ನು ನಿಲ್ಲಿಸಿರುತ್ತಾಳೆ. ದಾರಿಯಲ್ಲಿ ಅವಸರವಾದರೆ ಎಲ್ಲಿಗೆ ಹೋಗುವುದು, ಯಾರನ್ನು ಕೇಳುವುದು ಎಂಬ ಅಳುಕು. ಸವಣೂರಿನ ಸಂತೆಗೆ ಹೋದವಳದ್ದೂ, ಹಿರೇಕೆರೂರಿನ ಹೊಲದಲ್ಲಿ ಕೂಲಿಗೆ ನಿಂತವಳದ್ದೂ, ಶಿಗ್ಗಾಂವಿಯ ಮದುವೆ ಮನೆಯಲ್ಲಿ ಕುಳಿತವಳದ್ದೂ ಇದೇ ಪಾಡು. ಸಂಜೆ ಮನೆಗೆ ಬಂದಾಗ ಮೂತ್ರದಲ್ಲಿ ಉರಿ, ಕಿಬ್ಬೊಟ್ಟೆಯಲ್ಲಿ ನೋವು. "ಉಷ್ಣ ಆಗಿರಬೇಕು" ಎಂದು ಅತ್ತೆ ಜೀರಿಗೆ ನೀರು ಕೊಡುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಅದು ಉಷ್ಣವಲ್ಲದೆ ಮೂತ್ರನಾಳದ ಸೋಂಕಾಗಿದ್ದರೆ?

ಗರ್ಭಿಣಿಯರಿಗೇ ಏಕೆ?

ಹೆಣ್ಣಿನ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ. ಅದರ ಬಾಯಿ ಮಲದ್ವಾರಕ್ಕೆ ಹತ್ತಿರ. ಕರುಳಿನಲ್ಲಿರುವ ಇ-ಕೋಲೈ ಎಂಬ ಬ್ಯಾಕ್ಟೀರಿಯಾ ಸುಲಭವಾಗಿ ಒಳಸೇರುತ್ತದೆ. ಗರ್ಭಾವಸ್ಥೆಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನಿನಿಂದ ಮೂತ್ರದ ಕೊಳವೆಗಳು ಸಡಿಲಗೊಳ್ಳುತ್ತವೆ. ಬೆಳೆಯುವ ಗರ್ಭಕೋಶವೂ ಅವುಗಳನ್ನು ಒತ್ತುತ್ತದೆ. ಮೂತ್ರ ಸರಾಗವಾಗಿ ಹರಿಯದೆ ನಿಲ್ಲುತ್ತದೆ. ನಿಂತಲ್ಲಿ ರೋಗಾಣು ಬೆಳೆಯುತ್ತದೆ.

ಸದ್ದಿಲ್ಲದ ಸೋಂಕು

ಉರಿ ಬಂದರೆ ನಮಗೆ ಗೊತ್ತಾಗುತ್ತದೆ. ಆದರೆ 100 ಗರ್ಭಿಣಿಯರಲ್ಲಿ 2ರಿಂದ 10 ಮಂದಿಯ ಮೂತ್ರದಲ್ಲಿ ಯಾವ ತೊಂದರೆಯೂ ತೋರದೆ ಬ್ಯಾಕ್ಟೀರಿಯಾ ಇರುತ್ತದೆ. ಇದನ್ನು ಹಾಗೆಯೇ ಬಿಟ್ಟರೆ ಸೋಂಕು ಮೂತ್ರಪಿಂಡದವರೆಗೆ ಏರಬಹುದು. ಅವಧಿಗೆ ಮೊದಲೇ ಹೆರಿಗೆಯಾಗುವ, ಮಗು ಕಡಿಮೆ ತೂಕದ್ದಾಗುವ ಅಪಾಯವೂ ಹೆಚ್ಚುತ್ತದೆ.

ಆದ್ದರಿಂದ ಆರಂಭದ ತಿಂಗಳುಗಳಲ್ಲೇ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸಕ್ಕರೆ, ಅಲ್ಬುಮಿನ್ ನೋಡುವ ಸಾಮಾನ್ಯ ಪರೀಕ್ಷೆಯೇ ಬೇರೆ, ಕಲ್ಚರ್ ಬೇರೆ. "ನನಗೆ ಕಲ್ಚರ್ ಬೇಕೇ? ಇಲ್ಲಿ ಆಗದಿದ್ದರೆ ಎಲ್ಲಿ ಮಾಡಿಸಲಿ?" ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ತಾಯಿ ಕಾರ್ಡ್ ಜೊತೆಗಿರಲಿ. ಹೋಗಲು ಹಿಂಜರಿಕೆಯಾದರೆ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆಯಿರಿ.

ಮಾದರಿ ಕೊಡುವಾಗ ಮೊದಲು ನೀರಿನಿಂದ ಶುಚಿಗೊಳಿಸಿ. ಮೊದಲ ಮೂತ್ರ ಬಿಟ್ಟು ನಡುವಿನದ್ದನ್ನು ಆಸ್ಪತ್ರೆ ಕೊಟ್ಟ ಶುದ್ಧ ಡಬ್ಬಿಯಲ್ಲಿ ಹಿಡಿಯಿರಿ. ಡಬ್ಬಿಯ ಒಳಭಾಗ ಮುಟ್ಟಬೇಡಿ. ಮನೆಯಿಂದ ಒಯ್ಯುವ ಬದಲು ಆಸ್ಪತ್ರೆಯಲ್ಲೇ ಕೊಡುವುದು ಲೇಸು.

ತಡೆಯುವುದು ಹೇಗೆ?

* ಬಾಯಾರಿಕೆಗಾಗಿ ಕಾಯದೆ ದಿನವಿಡೀ ಸ್ವಲ್ಪ ಸ್ವಲ್ಪ ನೀರು ಕುಡಿಯಿರಿ.
* ಮೂತ್ರವನ್ನು ತಡೆದಿಡಬೇಡಿ. ಪ್ರಯಾಣಕ್ಕೆ ಮೊದಲು, ಮಲಗುವ ಮೊದಲು ಹೋಗಿಬನ್ನಿ.
* ಶೌಚಾನಂತರ ನೀರಿನಿಂದ ಶುಚಿಗೊಳಿಸುವುದು ನಮ್ಮ ಮನೆಗಳ ರೂಢಿ. ಮುಂದಿನಿಂದ ಹಿಂದಕ್ಕೆ ತೊಳೆಯುವುದನ್ನೂ ರೂಢಿಸಿಕೊಳ್ಳಿ, ಹೆಣ್ಣುಮಕ್ಕಳಿಗೂ ಕಲಿಸಿ.
* ದಾಂಪತ್ಯ ಸಂಪರ್ಕದ ಬಳಿಕ ಮೂತ್ರ ವಿಸರ್ಜಿಸಿ.
* ಹತ್ತಿಯ ಒಳಉಡುಪು ಧರಿಸಿ, ದಿನವೂ ಬದಲಿಸಿ.
* ರಮಝಾನ್‌ನಲ್ಲಿ ಉರಿಮೂತ್ರ ಕಾಣಿಸಿಕೊಂಡರೆ ವೈದ್ಯರಿಗೆ ತಿಳಿಸಿ. ತನಗೋ ಮಗುವಿಗೋ ತೊಂದರೆಯಾಗುವ ಭಯವಿರುವ ಗರ್ಭಿಣಿಗೆ ಉಪವಾಸವನ್ನು ಮುಂದೂಡುವ ರಿಯಾಯಿತಿ ಇದೆ.

ಜೀರಿಗೆ ನೀರು, ಬಾರ್ಲಿ ಗಂಜಿ, ಎಳನೀರು ಹಿತ ನೀಡಬಹುದು, ಸೋಂಕನ್ನು ಗುಣಪಡಿಸಲಾರವು. ಅಂಗಡಿಯಿಂದ ಕೇಳಿ ತಂದ ಮಾತ್ರೆಯನ್ನೋ ನಾದಿನಿಗೆ ಉಳಿದ ಮಾತ್ರೆಯನ್ನೋ ನುಂಗಬೇಡಿ. ಕೆಲವು ಆ್ಯಂಟಿಬಯೋಟಿಕ್‌ಗಳು ಗರ್ಭಿಣಿಯರಿಗೆ ಸಲ್ಲವು. ವೈದ್ಯರು ಕೊಟ್ಟದ್ದನ್ನು ಉರಿ ನಿಂತಿತೆಂದು ಎರಡೇ ದಿನಕ್ಕೆ ಬಿಡದೆ ಹೇಳಿದಷ್ಟು ದಿನ ಪೂರ್ತಿ ಸೇವಿಸಿ.

ನಡುಕದೊಂದಿಗೆ ಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ, ಮೂತ್ರದಲ್ಲಿ ರಕ್ತ, ಆಗಾಗ ಹೊಟ್ಟೆ ಬಿಗಿಯುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮನೆಯವರೂ ಗಮನಿಸಲಿ

ನಾಚಿಕೆಯಿಂದ ಸೊಸೆ ಹೇಳಲಾರಳು. ಅತ್ತೆಯೇ ಒಮ್ಮೆ ಮೆಲ್ಲಗೆ ಕೇಳಲಿ: "ಮೂತ್ರಕ್ಕೆ ಹೋಗುವಾಗ ಉರಿ ಇಲ್ಲ ತಾನೇ?" ಪ್ರಯಾಣದಲ್ಲಿ ಪತ್ನಿ ಬಾಯಿಬಿಟ್ಟು ಕೇಳುವ ಮುನ್ನವೇ ಪತಿ ಶೌಚಾಲಯ ಎಲ್ಲಿದೆಯೆಂದು ವಿಚಾರಿಸಲಿ, ಕೈಗೊಂದು ನೀರಿನ ಬಾಟಲಿ ಕೊಡಲಿ. ಹಾಗಾದರೆ ಆಕೆ ಮನೆ ಬಿಡುವ ಮೊದಲು ನೀರು ಕುಡಿಯಲು ಹೆದರಬೇಕಾಗಿಲ್ಲ.