ಬಾಂಬಾರ್ಡಿಯರ್ ಜೀರುಂಡೆಯ ರಾಸಾಯನಿಕ ಆತ್ಮರಕ್ಷಣೆ

ಇದುವರೆಗೆ ವರ್ಣಿಸಲ್ಪಟ್ಟಿರುವ ಕೀಟಪ್ರಭೇದಗಳಲ್ಲಿ ಜೀರುಂಡೆಗಳ ಸಂಖ್ಯೆಯೇ ಎಲ್ಲಕ್ಕಿಂತ ಹೆಚ್ಚಿನದು. ಮುಂದಿನ ಜೊತೆ ರೆಕ್ಕೆಗಳು ಗಡುಸಾದ ಹೊದಿಕೆಗಳಾಗಿ ಮಾರ್ಪಟ್ಟು, ಹಾರುವ ರೆಕ್ಕೆಗಳು ಅವುಗಳ ಅಡಿಯಲ್ಲಿ ಮಡಿಸಿಕೊಂಡಿರುವುದು ಈ ಗಣದ ಮುಖ್ಯ ಲಕ್ಷಣ. ಇದರಿಂದ ದೇಹಕ್ಕೆ ಕವಚ ದೊರೆಯಿತು. ಆದರೆ ನೊಣದಂತೆ ಥಟ್ಟನೆ ಹಾರಿಹೋಗುವ ಅನುಕೂಲ ತಪ್ಪಿತು. ಹೊದಿಕೆಯನ್ನೆತ್ತಿ, ಮಡಿಕೆ ಬಿಚ್ಚಿ, ಮೇಲೇಳುವಷ್ಟರಲ್ಲಿ ಇರುವೆಯೊಂದು ಕಾಲನ್ನು ಕಚ್ಚಿ ಹಿಡಿದಿರುತ್ತದೆ. ನೆಲದ ಮೇಲೆ ವಾಸಿಸುವ ಅನೇಕ ಜೀರುಂಡೆಗಳಲ್ಲಿ ರಕ್ಷಣಾಗ್ರಂಥಿಗಳು ಬೆಳೆದುಬಂದುದಕ್ಕೆ ಈ ವಿಳಂಬವೂ ಒಂದು ಕಾರಣವೆಂದು ಊಹಿಸಬಹುದು. ಅಂಥ ಗ್ರಂಥಿಗಳಲ್ಲಿ ಅತ್ಯಂತ ವಿಲಕ್ಷಣವಾದುದು ಬಾಂಬಾರ್ಡಿಯರ್ ಜೀರುಂಡೆಯದು.

ಕ್ಯಾರಬಿಡೇ ಕುಟುಂಬಕ್ಕೆ ಸೇರಿದ ಈ ಜೀರುಂಡೆಗಳಲ್ಲಿ ಐನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಬ್ರಾಕೈನಸ್ ಎಂಬ ಜಾತಿ ಯೂರೋಪು, ಅಮೆರಿಕಗಳಲ್ಲಿ ಪ್ರಸಿದ್ಧವಾದುದು. ಫೆರೋಪ್ಸೋಫಸ್ ಜಾತಿಯವು ನಮ್ಮ ದೇಶದಲ್ಲಿಯೂ ಇವೆ. ಶತ್ರು ಮೈಮುಟ್ಟಿದೊಡನೆ ಈ ಕೀಟವು ಉದರದ ತುದಿಯನ್ನು ಆ ದಿಕ್ಕಿಗೆ ತಿರುಗಿಸಿ, ಕಿವಿಗೆ ಕೇಳುವಂಥ ಸಿಡಿತದ ಶಬ್ದದೊಡನೆ ಬಿಸಿಯಾದ, ಕಟುವಾಸನೆಯ ತುಂತುರನ್ನು ಚಿಮ್ಮಿಸುತ್ತದೆ. ಗುರಿಯೂ ಸಾಮಾನ್ಯವಾದುದಲ್ಲ. ಕಚ್ಚಿದ ಕಾಲು ಯಾವುದೋ ಆ ಕಾಲಿನತ್ತಲೇ ತುಂತುರು ಹೋಗುತ್ತದೆ.

ಇದರ ರಸಾಯನವನ್ನು ಬಿಡಿಸಿ ತೋರಿಸಿದ ಕೀರ್ತಿ ಮುಖ್ಯವಾಗಿ ಜರ್ಮನಿಯ ಹರ್ಮನ್ ಶಿಲ್ಡ್‌ಕ್ನೆಕ್ಟ್‌ರಿಗೆ ಸಲ್ಲುತ್ತದೆ. ಉದರದ ತುದಿಯಲ್ಲಿ ತೆರೆದುಕೊಳ್ಳುವ ಎರಡು ಗ್ರಂಥಿಗಳಿವೆ; ಪ್ರತಿಯೊಂದರಲ್ಲೂ ಎರಡು ಕೋಶಗಳು. ಒಳಗಿನದು ಸಂಗ್ರಹಕೋಶ. ಇದರಲ್ಲಿ ಹೈಡ್ರೋಕ್ವಿನೋನುಗಳು ಶೇಕಡ 10ರಷ್ಟೂ ಹೈಡ್ರೊಜನ್ ಪೆರಾಕ್ಸೈಡ್ ಶೇಕಡ 25ರಷ್ಟೂ ಒಂದೇ ದ್ರಾವಣದಲ್ಲಿ ಕೂಡಿರುತ್ತವೆ. ಹೊರಗಿನದು ದಪ್ಪಗೋಡೆಯ ಕ್ರಿಯಾಕೋಶ. ಇದರಲ್ಲಿ ಕ್ಯಾಟಲೇಸ್ ಮತ್ತು ಪೆರಾಕ್ಸಿಡೇಸ್ ಎಂಬ ಕಿಣ್ವಗಳಿರುತ್ತವೆ. ಇವೆರಡರ ನಡುವೆ ಒಂದು ಕವಾಟ. ಕೀಟವು ಸ್ನಾಯುಗಳಿಂದ ಸಂಗ್ರಹಕೋಶವನ್ನು ಹಿಂಡಿದಾಗ ದ್ರಾವಣವು ಕ್ರಿಯಾಕೋಶವನ್ನು ಸೇರುತ್ತದೆ. ಅಲ್ಲಿ ಕ್ಯಾಟಲೇಸ್ ಪೆರಾಕ್ಸೈಡನ್ನು ಒಡೆದು ಆಮ್ಲಜನಕವನ್ನು ಬಿಡಿಸುತ್ತದೆ. ಪೆರಾಕ್ಸಿಡೇಸ್ ಹೈಡ್ರೋಕ್ವಿನೋನನ್ನು ಉತ್ಕರ್ಷಣಗೊಳಿಸಿ ಬೆಂಜೋಕ್ವಿನೋನಾಗಿ ಮಾರ್ಪಡಿಸುತ್ತದೆ. ಆಮ್ಲಜನಕವೂ ಹಬೆಯೂ ದ್ರವವನ್ನು ಹೊರದಬ್ಬುತ್ತವೆ.

ಇಲ್ಲಿ ತರಗತಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ತಪ್ಪನ್ನು ತಿದ್ದುವುದು ಅವಶ್ಯಕ. ಈ ಎರಡು ರಾಸಾಯನಿಕಗಳು ಬೆರೆತೊಡನೆ ಸ್ಫೋಟಿಸುತ್ತವೆಂದೂ, ಆದಕಾರಣ ಕೀಟವು ಅವನ್ನು ಬೇರೆಬೇರೆಯಾಗಿಯೋ ಪ್ರತಿಬಂಧಕ ವಸ್ತುವೊಂದನ್ನು ಸೇರಿಸಿಯೋ ಇಟ್ಟುಕೊಳ್ಳುತ್ತದೆಂದೂ ಹೇಳುವುದುಂಟು. ನಾನೂ ಕೆಲವು ವರ್ಷ ಹಾಗೆಯೇ ಪಾಠ ಹೇಳಿದೆನೆಂದು ಒಪ್ಪಿಕೊಳ್ಳಬೇಕಾಗಿದೆ. ವಾಸ್ತವವಾಗಿ ಕಿಣ್ವವಿಲ್ಲದೆ ಆ ಮಿಶ್ರಣವು ನಿಧಾನವಾಗಿ ಕಂದುಬಣ್ಣಕ್ಕೆ ತಿರುಗುವುದೇ ಹೊರತು ಸಿಡಿಯುವುದಿಲ್ಲ. ಕೀಟವು ಬೇರ್ಪಡಿಸಿಟ್ಟಿರುವುದು ಇಂಧನವನ್ನೂ ಉತ್ಕರ್ಷಕವನ್ನೂ ಅಲ್ಲ, ಅವೆರಡರಿಂದ ಕಿಣ್ವಗಳನ್ನು. ಈ ಭೇದ ಅಲ್ಪವಾದುದಲ್ಲ. ಇದನ್ನು ಮರೆತವರಿಗೆ ಇಂಥ ಅಂಗವು ಹಂತಹಂತವಾಗಿ ವಿಕಾಸಹೊಂದುವುದು ಅಸಾಧ್ಯವೆಂದು ತೋರುತ್ತದೆ. ಸಿದ್ಧವಾದ ಕ್ವಿನೋನನ್ನು ತಣ್ಣಗೆಯೇ ಸ್ರವಿಸುವ ಜೀರುಂಡೆಗಳು ಎಷ್ಟೋ ಇವೆ. ಬಾಂಬಾರ್ಡಿಯರುಗಳಲ್ಲಿಯೇ ಪ್ರಾಚೀನ ಲಕ್ಷಣಗಳುಳ್ಳ ಮೆಟ್ರಿಯಸ್ ಎಂಬುದರ ಸ್ರಾವವು 55 ಡಿಗ್ರಿ ಸೆಂಟಿಗ್ರೇಡಿನವರೆಗೆ ಮಾತ್ರ ಬಿಸಿಯಾಗಿ, ಕೆಲವೊಮ್ಮೆ ಬರಿಯ ನೊರೆಯಾಗಿ ಹೊರಬರುತ್ತದೆಂದು 2000ದಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ಉಷ್ಣದ ಪ್ರಮಾಣವನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಥಾಮಸ್ ಐಸ್ನರ್ ಮತ್ತು ಸಹೋದ್ಯೋಗಿಗಳು 1969ರಲ್ಲಿ ಪ್ರಕಟಿಸಿದರು: ತುಂತುರಿನ ಪ್ರತಿ ಮಿಲಿಗ್ರಾಮಿಗೆ ಸುಮಾರು 0.2 ಕ್ಯಾಲೊರಿ, ಅಂದರೆ ಗ್ರಾಮಿಗೆ 200. ದ್ರವವನ್ನು ನೀರೆಂದೇ ಭಾವಿಸಿ ವಿದ್ಯಾರ್ಥಿಗಳು ಲೆಕ್ಕಹಾಕಬಹುದು. 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಗ್ರಾಮಿಗೆ 75 ಕ್ಯಾಲೊರಿ ವೆಚ್ಚವಾಗುತ್ತದೆ. ಉಳಿದ 125ನ್ನು ಬಾಷ್ಪೀಕರಣದ ಗುಪ್ತೋಷ್ಣವಾದ 540ರಿಂದ ಭಾಗಿಸಿದರೆ, ದ್ರವದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹಬೆಯಾಗಬಲ್ಲುದೆಂದು ಸಿದ್ಧವಾಗುತ್ತದೆ.

ಹೀಗಿರುವಾಗ ಕೀಟವೇ ಏಕೆ ಬೇಯುವುದಿಲ್ಲ? ತುಂತುರು ಒಂದೇ ಧಾರೆಯಲ್ಲವೆಂಬುದು 1990ರಲ್ಲಿ ಅತಿವೇಗದ ಛಾಯಾಚಿತ್ರಗಳಿಂದ ಗೊತ್ತಾಯಿತು. ಅದು ಸೆಕೆಂಡಿಗೆ ಸರಾಸರಿ 500ರಷ್ಟು ಬಿಡಿಬಿಡಿಯಾದ ಸ್ಫೋಟಗಳ ಸರಣಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಹಾರಿಸಿದ ವಿ-1 ಅಸ್ತ್ರದ ಎಂಜಿನ್ನೂ ಇದೇ ತತ್ತ್ವದ ಮೇಲೆ ನಡೆಯುತ್ತಿದ್ದಿತು. ಎರಡು ಸ್ಫೋಟಗಳ ನಡುವೆ ಒಳಬರುವ ತಣ್ಣನೆಯ ದ್ರವವು ಕೋಶವನ್ನು ಆರಿಸುತ್ತದೆಂದು ಭಾವಿಸಲಾಗಿದೆ. ಆದರೆ ಯಾವ ಸ್ನಾಯುವೂ ಅಷ್ಟು ವೇಗವಾಗಿ ಕವಾಟವನ್ನು ತೆರೆದು ಮುಚ್ಚಬೇಕಾಗಿಲ್ಲ. 2015ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಪ್ರಬಲ ಕ್ಷಕಿರಣಗಳಿಂದ ಜೀವಂತ ಜೀರುಂಡೆಯ ಒಳಭಾಗವನ್ನು ಚಿತ್ರಿಸಿದಾಗ, ಸ್ಫೋಟದ ಒತ್ತಡಕ್ಕೆ ಕ್ರಿಯಾಕೋಶದ ತೆಳುಪೊರೆಯೊಂದು ಉಬ್ಬಿ ಕವಾಟವನ್ನು ತಾನೇ ಮುಚ್ಚುವುದು ಕಂಡಿತು. ಒತ್ತಡ ಇಳಿದೊಡನೆ ಕವಾಟ ಮತ್ತೆ ತೆರೆಯುತ್ತದೆ. ಕೀಟದ ಪಾಲಿಗೆ ಉಳಿದ ಕೆಲಸ ಹಿಂಡುವುದು ಮಾತ್ರ.

ಈ ಅಸ್ತ್ರವು ನುಂಗಿದ ಮೇಲೂ ಫಲಿಸುತ್ತದೆ. ಜಪಾನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಫೆರೋಪ್ಸೋಫಸ್ ಜೀರುಂಡೆಯನ್ನು ನುಂಗಿದ ನೆಲಗಪ್ಪೆಗಳ ಪೈಕಿ ಶೇಕಡ 43 ಅದನ್ನು ಕಕ್ಕಿದವು. ಕೆಲವಕ್ಕೆ 12 ನಿಮಿಷ ಸಾಕಾಯಿತು, ಕೆಲವಕ್ಕೆ 107 ನಿಮಿಷ ಹಿಡಿಯಿತು. ಹೊರಬಿದ್ದ ಜೀರುಂಡೆಗಳೆಲ್ಲ ಜೀವಂತವಾಗಿದ್ದವು. ಗ್ರಂಥಿಯನ್ನು ಮೊದಲೇ ಬರಿದುಮಾಡಿಸಿದವು ಮಾತ್ರ ಬಹುಮಟ್ಟಿಗೆ ಜೀರ್ಣವಾಗಿಹೋದವು.

ಕ್ವಿನೋನಿಗೆ ಪ್ರತ್ಯುಪಾಯವಿಲ್ಲವೆಂದು ತಿಳಿಯಬಾರದು. ಉತ್ತರ ಅಮೆರಿಕದ ಮರುಭೂಮಿಗಳಲ್ಲಿ ಎಲಿಯೋಡಿಸ್ ಎಂಬ ಬೇರೊಂದು ಕುಟುಂಬದ ಜೀರುಂಡೆಯು ತಲೆಯನ್ನು ನೆಲಕ್ಕೂರಿ, ಹಿಂಭಾಗವನ್ನು ಮೇಲೆತ್ತಿ ಕ್ವಿನೋನನ್ನು ಸೂಸುತ್ತದೆ. ಅಲ್ಲಿಯ ಆನಿಕೋಮಿಸ್ ಎಂಬ ಇಲಿಯು ಅದನ್ನು ಮುಂಗಾಲುಗಳಿಂದ ಹಿಡಿದು, ಉದರದ ತುದಿಯನ್ನು ಮರಳಿನಲ್ಲಿ ಹೂತು, ತಲೆಯ ಕಡೆಯಿಂದ ತಿನ್ನತೊಡಗುತ್ತದೆ. ಗ್ರಂಥಿಗಳಿರುವ ತುದಿಯನ್ನು ಅಲ್ಲಿಯೇ ಬಿಟ್ಟು ಹೋಗುತ್ತದೆ.